ಬೆಲ್ಟ್ ಜಾಯಿಂಟ್ ಪದೇ ಪದೇ ಬಿಚ್ಚುತ್ತಿದೆಯೇ? ಮೊದಲು ಬಿಚ್ಚಿದ ತುಂಡನ್ನು ನೋಡಿ

ಸೇಡಂ ಕಡೆಯ ಒಂದು ಸುಣ್ಣಕಲ್ಲು ಕ್ರಷರ್‌ನಲ್ಲಿ ಐದು ವಾರದೊಳಗೆ ಕಲ್ಲು ಸಾಗಿಸುವ ಒಂದೇ ಕನ್ವೇಯರ್ ಬೆಲ್ಟ್‌ಗೆ ಮೂರು ಸಲ ಜಾಯಿಂಟ್ ಹಾಕಿದೆವು. ಮೊದಲನೆಯದು ನಾಲ್ಕು ದಿನ ಬಾಳಿತು. ಎರಡನೆಯದು 26 ದಿನ. ಮೂರನೆಯದು ಇವತ್ತಿಗೂ ಓಡುತ್ತಿದೆ. ಮೂರಕ್ಕೂ ಒಂದೇ ಬೆಲ್ಟ್, ಒಂದೇ ಕಂಪನಿಯ ಸೊಲ್ಯೂಷನ್ (ರಬ್ಬರ್ ಅಂಟು), ಕೆಲಸದವರೂ ಅವರೇ. ಹಾಗಾದರೆ ಬದಲಾಗಿದ್ದು ಏನು? ಮೂರನೇ ಸಲ ಕೈ ಹಾಕುವ ಮೊದಲು ಬಿಚ್ಚಿದ ಜಾಯಿಂಟನ್ನು ಕೂತು ನೋಡಿದೆವು. ಅಷ್ಟೇ ವ್ಯತ್ಯಾಸ.

ನಮ್ಮ ಜತೆ ಇದ್ದ ಹಿರಿಯ ಫಿಟ್ಟರ್ ಒಬ್ಬರನ್ನು ಎಲ್ಲರೂ ಕಾಕಾ ಅಂತಲೇ ಕರೆಯುತ್ತೇವೆ. ಎರಡನೇ ಸಲ ಬಿಚ್ಚಿದಾಗ ನಾನು ಆಗಲೇ ಹೊಸ ಸೊಲ್ಯೂಷನ್ ಡಬ್ಬಿಗೆ ಫೋನ್ ಮಾಡುತ್ತಿದ್ದೆ. ಕಾಕಾ ಕೈ ಹಿಡಿದು ನಿಲ್ಲಿಸಿದರು. "ತಮ್ಮಾ, ಹೊಸಾದು ಹಾಕೋದು ಆಮ್ಯಾಲ. ಮೊದ್ಲ ಹಳೇದು ಏನ್ ಹೇಳ್ತದ ನೋಡು."

ಈ ಬರಹ ಅದರ ಬಗ್ಗೆಯೇ. ವಾಡಿ, ಶಹಾಬಾದ್, ಮಳಖೇಡ, ಚಿತ್ತಾಪುರ ಭಾಗದ ಸಿಮೆಂಟ್ ಮತ್ತು ಕಲ್ಲಿನ ಕೆಲಸದಲ್ಲಿ ಇರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕಲಬುರಗಿಯ ದಾಲ್ ಮಿಲ್, ಬೀದರ್ ಕಡೆಯ ಸಕ್ಕರೆ ಕಾರ್ಖಾನೆಯವರಿಗೂ ಅಲ್ಲಲ್ಲಿ ಬರುತ್ತದೆ.

ಬೆಲ್ಟ್ ಮುಟ್ಟುವ ಮೊದಲು ಒಂದು ಮಾತು. ಪುಲ್ ಕಾರ್ಡ್ (ಬೆಲ್ಟ್ ಪಕ್ಕದ ತುರ್ತು ಹಗ್ಗ) ಎಳೆದರೆ ಬೆಲ್ಟ್ ನಿಲ್ಲುತ್ತದೆ, ಕರೆಂಟ್ ಹೋಗುವುದಿಲ್ಲ. ಐಸೊಲೇಟರ್ (ಮೇನ್ ಸ್ವಿಚ್) ಆಫ್ ಮಾಡಿ, ಬೀಗ ಹಾಕಿ, ಕೀಲಿ ಕೆಲಸ ಮಾಡುವವರ ಜೇಬಿನಲ್ಲೇ ಇರಲಿ. ಬೆಲ್ಟ್ ಬಿಗಿಯಾಗಿಡಲು ನೇತುಹಾಕಿದ ಕೌಂಟರ್ ವೇಟನ್ನು ಚೈನ್ ಪುಲ್ಲಿಯಿಂದ ಎತ್ತಿ ಕಟ್ಟದೆ ಬೆಲ್ಟ್ ಕತ್ತರಿಸಬೇಡಿ. ಏರುಬೆಲ್ಟ್ ಆದರೆ ಕತ್ತರಿಸುವ ಜಾಗದ ಎರಡೂ ಕಡೆ ಕ್ಲ್ಯಾಂಪ್ ಹಾಕಿ. ಇಲ್ಲದಿದ್ದರೆ ಬೆಲ್ಟ್ ತನ್ನ ಭಾರಕ್ಕೆ ತಾನೇ ಕೆಳಗೆ ಓಡಿಹೋಗುತ್ತದೆ. ಆ ಓಟಕ್ಕೆ ಅಡ್ಡ ಬಂದ ಮನುಷ್ಯ ಉಳಿಯುವುದಿಲ್ಲ. ಸೊಲ್ಯೂಷನ್ ಡಬ್ಬಿ ತೆರೆದ ಮೇಲೆ ಹತ್ತಿರ ಬೀಡಿ, ವೆಲ್ಡಿಂಗ್, ಗ್ರೈಂಡರ್ ಯಾವುದೂ ಇರಬಾರದು.

ಬಿಚ್ಚಿದ ತುಂಡು ಹೇಳುವುದು

ಬೆಲ್ಟ್ ಒಳಗೆ ರಬ್ಬರ್ ನಡುವೆ ಬಟ್ಟೆಯ ಪದರಗಳಿರುತ್ತವೆ, ಒಂದೊಂದು ಪದರ ಒಂದು ಪ್ಲೈ. ಎರಡೂ ತುದಿಯ ಪ್ಲೈಗಳನ್ನು ಮೆಟ್ಟಿಲಿನ ಹಾಗೆ ಕತ್ತರಿಸಿ (ಅದೇ ಸ್ಟೆಪ್) ಒಂದರ ಮೇಲೊಂದು ಅಂಟಿಸಿದರೆ ಜಾಯಿಂಟ್. ಬಿಚ್ಚಿದ ಜಾಯಿಂಟನ್ನು ಕತ್ತರಿಸಿ ಎಸೆಯಬೇಡಿ. ನೆರಳಿಗೆ ತಂದು, ಎರಡು ಪದರಗಳನ್ನು ಪುಸ್ತಕದ ಹಾಗೆ ತೆರೆದು ಅಕ್ಕಪಕ್ಕ ಇಡಿ. ಬೆಲ್ಟ್ ಯಾವ ದಿಕ್ಕಿಗೆ ಓಡುತ್ತಿತ್ತು ಅಂತ ಸೀಮೆಸುಣ್ಣದಿಂದ ಬಾಣ ಹಾಕಿ. ಆಮೇಲೆ ನೋಡಿ, ಮುಟ್ಟಿ, ಮೂಸಿ.

ಒಂದು ಕಡೆ ಸೊಲ್ಯೂಷನ್ ಪೂರ್ತಿ ಹತ್ತಿಕೊಂಡಿದ್ದು, ಇನ್ನೊಂದು ಕಡೆ ಬಟ್ಟೆಯ ನೇಯ್ಗೆ ಬರಿದಾಗಿ ಕಂಡರೆ, ಸೊಲ್ಯೂಷನ್ ಆ ಬಟ್ಟೆಗೆ ಕೂತೇ ಇಲ್ಲ. ಬಫಿಂಗ್ ಮಾಡುವಾಗ, ಅಂದರೆ ಅಂಟಿಸುವ ಮೊದಲು ಮೇಲ್ಮೈ ಉಜ್ಜಿ ಒರಟು ಮಾಡುವಾಗ, ಗ್ರೈಂಡರ್ ಒಂದೇ ಕಡೆ ಒತ್ತಿದ್ದರೆ ಬಟ್ಟೆ ಸುಟ್ಟು ಹೊಳಪು ಬಂದಿರುತ್ತದೆ. ಅದರ ಮೇಲೆ ಏನು ಹಚ್ಚಿದರೂ ಹಿಡಿಯುವುದಿಲ್ಲ. ಅಥವಾ ಬಫಿಂಗ್ ದೂಳು ಸರಿಯಾಗಿ ಗುಡಿಸಿಲ್ಲ. ಅಥವಾ ಯಾರೋ ಪೆಟ್ರೋಲ್ ಬಟ್ಟೆಯಿಂದ ಒರೆಸಿದ್ದಾರೆ. ಪೆಟ್ರೋಲ್ ಆರಿದ ಮೇಲೂ ಜಿಡ್ಡು ಉಳಿಯಬಹುದು. ಸೊಲ್ಯೂಷನ್ ಕಂಪನಿ ಹೇಳಿದ ಕ್ಲೀನರ್ ಬಿಟ್ಟು ಬೇರೆ ಬೇಡ.

ಎರಡೂ ಕಡೆ ಸೊಲ್ಯೂಷನ್ ಪದರ ನುಣ್ಣಗೆ, ಹೊಳೆಯುತ್ತಾ ಉಳಿದಿದ್ದರೆ, ಬಟ್ಟೆಗೆ ಹಿಡಿದಿದೆ, ಆದರೆ ಒಂದಕ್ಕೊಂದು ಹಿಡಿದಿಲ್ಲ. ನಮ್ಮ ಮೊದಲ ಜಾಯಿಂಟ್ ಹೀಗೇ ಇತ್ತು. ನಾಲ್ಕು ದಿನ ಆಗಿದ್ದರೂ ತೆರೆದಾಗ ಟೊಲುಯೀನ್ (ಸೊಲ್ಯೂಷನ್‌ನಲ್ಲಿರುವ, ಆವಿಯಾಗಿ ಹೋಗಬೇಕಾದ ದ್ರಾವಕ) ವಾಸನೆ ಮೂಗಿಗೆ ಬಡಿಯಿತು. ಕಾರಣ ಆಮೇಲೆ ಹೇಳುತ್ತೇನೆ.

ರಬ್ಬರ್ ಎರಡೂ ಕಡೆ ಕಿತ್ತು ಬಂದು, ಮೇಲ್ಮೈ ಒರಟಾಗಿ, ಬಟ್ಟೆಯ ದಾರ ಸಮೇತ ಎದ್ದಿದ್ದರೆ ಅಂಟಿದ್ದು ಚೆನ್ನಾಗಿಯೇ ಅಂಟಿದೆ. ಆಗ ಸೊಲ್ಯೂಷನ್ ಬೈಯಬೇಡಿ. ಬೆಲ್ಟ್ ಲೈನ್‌ನಲ್ಲಿ ಬೇರೆ ಏನೋ ಜಾಯಿಂಟನ್ನು ಎಳೆಯುತ್ತಿದೆ ಅಥವಾ ಮುರಿಯುತ್ತಿದೆ.

ಸ್ಟೆಪ್ ಇರುವ ಜಾಗದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದಷ್ಟು ನೇರವಾಗಿ ಬಟ್ಟೆ ಹರಿದಿದ್ದರೆ ಅದು ಚಾಕುವಿನ ಗಾಯ. ಮೇಲಿನ ಪ್ಲೈ ಕತ್ತರಿಸುವಾಗ ಚಾಕು ಕೆಳಗಿನ ಪ್ಲೈಗೂ ಇಳಿದಿದೆ. ತಾನಾಗಿ ಹರಿದ ಬಟ್ಟೆಯ ದಾರಗಳು ಉದ್ದ, ಗಿಡ್ಡ ಆಗಿ ಜೋಲುತ್ತವೆ. ಚಾಕು ತಗುಲಿದ ಕಡೆ ದಾರದ ತುದಿಗಳೆಲ್ಲ ಒಂದೇ ಸಮ. ಬೆರಳಾಡಿಸಿದರೆ ಕಣ್ಣು ಮುಚ್ಚಿಕೊಂಡೂ ಗೊತ್ತಾಗುತ್ತದೆ.

ಇದನ್ನು ಯಾಕೆ ಇಷ್ಟು ಗಂಭೀರವಾಗಿ ಹೇಳುತ್ತಿದ್ದೇನೆ ಅಂದರೆ, ಸ್ಟೆಪ್ ಜಾಯಿಂಟ್‌ನಲ್ಲಿ ಮೊದಲೇ ಒಂದು ಪ್ಲೈ ಬಲ ಕಡಿಮೆ. 4 ಪ್ಲೈ ಬೆಲ್ಟ್‌ಗೆ 3 ಸ್ಟೆಪ್ ಬರುತ್ತದೆ, ಜಾಯಿಂಟ್‌ನ ಯಾವ ಸ್ಟೆಪ್ ನೋಡಿದರೂ ಎಳೆತ ತಡೆಯುವುದು 3 ಪ್ಲೈ ಮಾತ್ರ. ಅಂದರೆ ಎಷ್ಟೇ ಚೆನ್ನಾಗಿ ಮಾಡಿದರೂ ಬೆಲ್ಟ್ ಬಲದ ಮುಕ್ಕಾಲು ಭಾಗ. 3 ಪ್ಲೈ ಬೆಲ್ಟ್ ಆದರೆ ಮೂರನೇ ಎರಡು ಭಾಗ. ಅದರ ಮೇಲೆ ಚಾಕು ಇನ್ನೊಂದು ಪ್ಲೈ ಕುಯ್ದರೆ 4 ಪ್ಲೈ ಬೆಲ್ಟ್ ಅಲ್ಲಿ 2 ಪ್ಲೈ ಆಗಿಬಿಡುತ್ತದೆ. ಪ್ಲೈ ಕತ್ತರಿಸುವಾಗ ಚಾಕುವಿನ ಮೊನೆ ಒಂದು ಪ್ಲೈನಷ್ಟು ಮಾತ್ರ ಹೊರಗಿರುವ ಹಾಗೆ ಹಿಡಿಯಿರಿ. ಪೂರ್ತಿ ಕುಯ್ಯದೆ, ಕೊನೆಯ ಕೆಲವು ದಾರಗಳನ್ನು ಇಕ್ಕಳದಿಂದ ಎಳೆದು ಬಿಡಿಸಿದರೆ ಇನ್ನೂ ಒಳ್ಳೆಯದು.

ಮೇ ತಿಂಗಳ ಮಧ್ಯಾಹ್ನದ ಕೋಲ್ಡ್ ಜಾಯಿಂಟ್

ಈಗ ಮೊದಲ ಜಾಯಿಂಟ್ ಕಥೆ. ಅದು ಕೋಲ್ಡ್ ಜಾಯಿಂಟ್, ಅಂದರೆ ಬೇಯಿಸದೆ ಬರೀ ಸೊಲ್ಯೂಷನ್‌ನಿಂದ ಅಂಟಿಸುವುದು. ಮಧ್ಯಾಹ್ನ ಒಂದು ಗಂಟೆ, 42 ಡಿಗ್ರಿ ಬಿಸಿಲು, ತಗಡಿನ ಶೆಡ್ಡು. ಬೆಲ್ಟ್ ಹಾಸಿದ ಕಬ್ಬಿಣದ ಟೇಬಲ್ ಮೇಲೆ ಅಂಗೈ ಇಡಲು ಆಗುತ್ತಿರಲಿಲ್ಲ. ಬೇಗ ಆರಲಿ ಅಂತ ಪೆಡೆಸ್ಟಲ್ ಫ್ಯಾನ್ ಕೂಡ ಇಟ್ಟೆವು. ಎರಡನೇ ಕೋಟ್ ಹಚ್ಚಿದ ಕೆಲವೇ ನಿಮಿಷಕ್ಕೆ ಮೇಲೆ ಆರಿದ ಹಾಗೆ ಕಂಡಿತು, ಒತ್ತಿಬಿಟ್ಟೆವು.

ಆರಿದ್ದು ಮೇಲ್ಪದರ ಮಾತ್ರ. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಸೊಲ್ಯೂಷನ್ ಮೇಲೆ ಚರ್ಮ ಕಟ್ಟಿತ್ತು, ಅಡಿಯಲ್ಲಿ ಟೊಲುಯೀನ್ ಹಾಗೇ ಸಿಕ್ಕಿಕೊಂಡಿತ್ತು. ಮೇಲ್ಪದರದ ಅಂಟು ಸತ್ತುಹೋಗಿತ್ತು, ಒಳಗಿನದು ಇನ್ನೂ ಹಸಿ. ಹೀಗಾಗಿ ಎರಡೂ ಕಡೆ ನುಣುಪು, ಒಳಗೆ ವಾಸನೆ.

ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಕೋಲ್ಡ್ ಜಾಯಿಂಟ್ ಕೆಲಸವನ್ನು ಬೆಳಗಿನ ಜಾವಕ್ಕೆ ಅಥವಾ ಸೂರ್ಯ ಮುಳುಗಿದ ಮೇಲೆ ಇಟ್ಟುಕೊಳ್ಳಿ. ಬೆಲ್ಟ್ ತಣ್ಣಗಾಗಲು ಬಿಡಿ. ಫ್ಯಾನ್ ಬೇಡ. ಮೊದಲ ಕೋಟ್ ತೆಳುವಾಗಿ ಹಚ್ಚಿ ಪೂರ್ತಿ ಆರಬೇಕು. ಎರಡನೇ ಕೋಟ್‌ಗೆ ಗಡಿಯಾರ ನೋಡಬೇಡಿ, ಬೆರಳಿನ ಹಿಂಭಾಗ ತಾಗಿಸಿ. ಸ್ವಲ್ಪ ಹಿಡಿದಂತಾಗಬೇಕು, ಆದರೆ ಬೆರಳು ಎತ್ತಿದಾಗ ಎಳೆ ಬರಬಾರದು, ಬೆರಳಿಗೆ ಅಂಟೂ ಬರಬಾರದು. ಒಂದೇ ಕಡೆ ಮುಟ್ಟಿ ಸುಮ್ನೆ ಇರಬೇಡಿ. ನಡುವೆ, ಅಂಚಿನಲ್ಲಿ, ಸ್ಟೆಪ್ ಮೂಲೆಯಲ್ಲಿ ಮುಟ್ಟಿ ನೋಡಿ. ಮೂಲೆಯಲ್ಲಿ ಸೊಲ್ಯೂಷನ್ ದಪ್ಪ ನಿಂತಿರುತ್ತದೆ, ಕೊನೆಗೆ ಆರುವುದು ಅದೇ.

ಹಾರ್ಡನರ್ (ಸೊಲ್ಯೂಷನ್ ಗಟ್ಟಿಯಾಗಲು ಬೆರೆಸುವ ದ್ರವ) ಪ್ರಮಾಣ ಡಬ್ಬಿಯ ಮೇಲೆ ಇರುತ್ತದೆ. ಸಾಮಾನ್ಯವಾಗಿ ಒಂದು ಕೆಜಿ ಸೊಲ್ಯೂಷನ್‌ಗೆ 40 ಗ್ರಾಂ ಆಸುಪಾಸು. ಅರ್ಧ ಡಬ್ಬಿ ಬಳಸುವಾಗ ಹಾರ್ಡನರ್ ಅಂದಾಜಿನಲ್ಲಿ ಸುರಿಯುವುದು ಎಷ್ಟೋ ಜಾಯಿಂಟ್ ಹಾಳಾಗಲು ಕಾರಣ. ಕಿರಾಣಿ ಅಂಗಡಿಯ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಒಂದು ಇಟ್ಟುಕೊಳ್ಳಿ. ಕಲಸಿದ ಸೊಲ್ಯೂಷನ್ ಗಟ್ಟಿಯಾಗತೊಡಗಿದರೆ ಟೊಲುಯೀನ್ ಹಾಕಿ ತೆಳು ಮಾಡಬೇಡಿ, ಬಿಸಾಡಿ. ಒತ್ತುವಾಗ ನಡುವಿನಿಂದ ಅಂಚಿಗೆ ರೋಲರ್ ಓಡಿಸಿ, ಗಾಳಿ ಹೊರಗೆ ಹೋಗಬೇಕು. ಆಮೇಲೆ ಸುತ್ತಿಗೆ. ಕಂಪನಿ ಹೇಳಿದಷ್ಟು ಗಂಟೆ ಬಿಡದೆ ಲೋಡ್ ಹಾಕಬೇಡಿ. ಶಿಫ್ಟ್ ಇನ್‌ಚಾರ್ಜ್ ಅವಸರ ಮಾಡೇ ಮಾಡುತ್ತಾರೆ. ಆ ನಾಲ್ಕು ಗಂಟೆ ಉಳಿಸಲು ಹೋಗಿ ನಾವು ಎರಡು ಶಿಫ್ಟ್ ಕಳೆದುಕೊಂಡಿದ್ದೇವೆ.

ಮಳೆಗಾಲದಲ್ಲಿ ಸಮಸ್ಯೆ ತಿರುಗಾಮುರುಗಾ. ಟೊಲುಯೀನ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಬಂದು ಕೂರುತ್ತದೆ. ಸೊಲ್ಯೂಷನ್ ಮೇಲೆ ಬಿಳಿ ಮಂಜು ಕವಿದ ಹಾಗೆ ಕಂಡರೆ ಅದೇ. ಅದರ ಮೇಲೆ ಒತ್ತಿದರೆ ಕೂಡುವುದಿಲ್ಲ. ತಾಡಪತ್ರಿ ಕಟ್ಟಿ, ಡಬ್ಬಿ ತೆರೆಯುವ ಮೊದಲೇ ಬಟ್ಟೆಯನ್ನು ಬಿಸಿಗಾಳಿಯಿಂದ ಒಣಗಿಸಿ. ಡಬ್ಬಿ ತೆರೆದ ಮೇಲೆ ಹೀಟರ್ ದೂರ ಇರಲಿ.

ಎರಡನೇ ಜಾಯಿಂಟ್: ತಪ್ಪು ಇದ್ದದ್ದು ಬೇರೆ ಕಡೆ

ಎರಡನೆಯದನ್ನು ರಾತ್ರಿ ಮಾಡಿದೆವು. ಅದು 26 ದಿನಕ್ಕೆ ಹೋಯಿತು. ತೆರೆದು ನೋಡಿದರೆ ರಬ್ಬರ್ ಚೆನ್ನಾಗಿ ಹಿಡಿದು, ಕಿತ್ತು ಬಂದಿತ್ತು. ಒಂದು ಸ್ಟೆಪ್‌ನಲ್ಲಿ ಚಾಕುವಿನ ಗಾಯ ಒಂದು ಗೇಣು ಉದ್ದ ಇತ್ತು. ಅದು ನಮ್ಮ ತಪ್ಪು. ಆದರೆ ಗಾಯ ಇಲ್ಲದ ಸ್ಟೆಪ್ ಕೂಡ ತುದಿಯಲ್ಲಿ ಎದ್ದಿತ್ತಲ್ಲ, ಅದಕ್ಕೆ ಏನು ಹೇಳುವುದು?

ಕಾಕಾ ಆಗ ಒಂದು ಕೆಲಸ ಮಾಡಿದರು. ಅದೇ ಬೆಲ್ಟ್‌ನಲ್ಲಿ ಹಳೆಯ ಇನ್ನೊಂದು ಹಾಟ್ ಜಾಯಿಂಟ್ (ಹಸಿ ರಬ್ಬರ್ ಇಟ್ಟು ಪ್ರೆಸ್‌ನಲ್ಲಿ ಬೇಯಿಸಿ ಕೂಡಿಸಿದ್ದು) ಇತ್ತು, ಅದು ಬಿಚ್ಚಿರಲಿಲ್ಲ. ಅದನ್ನು ಹುಡುಕಿ, ನೀರು ಹಾಕಿ ತೊಳೆದು, ಟಾರ್ಚ್ ಅಡ್ಡ ಹಿಡಿದು ನೋಡಿದರು. ಪ್ರತಿ ಸ್ಟೆಪ್ ಗೆರೆಯ ಮೇಲೂ ಕೂದಲಿನಷ್ಟು ಸಣ್ಣ ಬಿರುಕು. ಬೆಲ್ಟ್‌ನ ಉಳಿದ ಕಡೆ ಎಲ್ಲೂ ಇಲ್ಲ.

ಒಂದೇ ಬೆಲ್ಟ್‌ನ ಎರಡು ಜಾಯಿಂಟ್, ಬೇರೆ ಬೇರೆಯವರು, ಬೇರೆ ಬೇರೆ ವಿಧಾನದಲ್ಲಿ ಮಾಡಿದ್ದು, ಎರಡಕ್ಕೂ ಒಂದೇ ಕಾಯಿಲೆ. ಅಂದ ಮೇಲೆ ತಪ್ಪು ಜಾಯಿಂಟ್‌ನದಲ್ಲ, ಅಲ್ವಾ? ಬೆಲ್ಟ್ ಓಡುವ ದಾರಿಯಲ್ಲಿ ಏನೋ ಇದೆ. ಹೆಡ್‌ನಿಂದ ಟೇಲ್‌ವರೆಗೆ ಪ್ರತಿ ಪುಲ್ಲಿ ನೋಡುತ್ತಾ ಹೋದೆವು. ಟೇಕಪ್ (ಬೆಲ್ಟ್ ಬಿಗಿ ಮಾಡುವ ಏರ್ಪಾಡು) ಬಳಿಯ, ಬೆಲ್ಟ್ ದಿಕ್ಕು ತಿರುಗಿಸುವ ಬೆಂಡ್ ಪುಲ್ಲಿ ಒಂದು ತೀರಾ ಸಣ್ಣದು. ಪಕ್ಕದ ಪುಲ್ಲಿಯ ಅರ್ಧದಷ್ಟೂ ಇರಲಿಲ್ಲ.

"ಇದು ಯಾವಾಗ ಹಾಕೀರಿ?" ಅಂತ ಕಾಕಾ ಆಪರೇಟರನ್ನು ಕೇಳಿದರು.

"ಹ್ವಾದ ಮಳಿಗಾಲದಾಗ್ರಿ ಕಾಕಾ. ಹಳೇದರ ಬೇರಿಂಗ್ ಹೋಗಿತ್ತು. ಸ್ಟೋರಿನ್ಯಾಗ ಇದ್ದದ್ದು ಇದೊಂದೇ."

ಅವತ್ತಿನ ಮಟ್ಟಿಗೆ ಅವರು ಪ್ಲಾಂಟ್ ನಡೆಸಿದ್ದಾರೆ, ತಪ್ಪು ಅನ್ನಲಾಗದು. ಆದರೆ ಜಾಯಿಂಟ್ ಇರುವ ಜಾಗ ಉಳಿದ ಬೆಲ್ಟ್‌ಗಿಂತ ಬಿರುಸು. ಸಣ್ಣ ಪುಲ್ಲಿಗೆ ಸುತ್ತುವಾಗ ಬೆಲ್ಟ್ ಬಗ್ಗುತ್ತದೆ, ಜಾಯಿಂಟ್ ಬಗ್ಗಲು ಒಪ್ಪುವುದಿಲ್ಲ. ಸ್ಟೆಪ್ ತುದಿ ಪ್ರತಿ ಸುತ್ತಿಗೂ ಒಂದು ಚೂರು ಏಳುತ್ತದೆ. ದಿನಕ್ಕೆ ಸಾವಿರಾರು ಸುತ್ತು. ಎಂಟು ತಿಂಗಳಲ್ಲಿ ಹಳೆಯ ಹಾಟ್ ಜಾಯಿಂಟ್ ಬಿರುಕು ಬಿಟ್ಟಿತು, ನಮ್ಮದು 26 ದಿನಕ್ಕೇ ಸೋತಿತು. ಬೆಲ್ಟ್ ಕಂಪನಿಯ ಚಾರ್ಟ್‌ನಲ್ಲಿ ಪ್ರತಿ ಬೆಲ್ಟ್‌ಗೂ ಡ್ರೈವ್, ಟೇಲ್, ಸ್ನಬ್ (ಬೆಲ್ಟನ್ನು ಡ್ರೈವ್ ಪುಲ್ಲಿಗೆ ಹೆಚ್ಚು ಸುತ್ತಿಸುವ) ಪುಲ್ಲಿ ಕನಿಷ್ಠ ಎಷ್ಟು ವ್ಯಾಸ ಇರಬೇಕು ಅಂತ ಬರೆದಿರುತ್ತದೆ. ಪುಲ್ಲಿ ಬದಲಿಸುವಾಗ ಆ ಚಾರ್ಟ್ ನೋಡಿ. ಬೆಲ್ಟ್ ಬದಲಿಸುವಾಗಲೂ ನೋಡಿ. 3 ಪ್ಲೈ ಇದ್ದಲ್ಲಿ ಗಟ್ಟಿ ಇರಲಿ ಅಂತ 5 ಪ್ಲೈ ಹಾಕಿದರೂ ಇದೇ ಗತಿ.

ಪುಲ್ಲಿಗೆ ಅಂಟಿದ ಮಣ್ಣೂ ಇದೇ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಸುಣ್ಣಕಲ್ಲಿನ ಜತೆ ಬರುವ ಎರೆಮಣ್ಣು ಸ್ನಬ್ ಪುಲ್ಲಿಗೆ ಮೆತ್ತಿ, ಒಣಗಿ, ಕಲ್ಲಾಗುತ್ತದೆ. ಆ ಗಡ್ಡೆಯ ಮೇಲೆ ಜಾಯಿಂಟ್ ಪ್ರತಿ ಸಲ ಮುರಿದು ಬಗ್ಗುತ್ತದೆ.

ಕೌಂಟರ್ ವೇಟ್ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೆಲ್ಟ್ ಜಾರಿದರೆ ನಮ್ಮ ಕಡೆ ಮೊದಲು ಮಾಡುವುದು ಕೌಂಟರ್ ವೇಟ್ ಮೇಲೆ ಶಹಾಬಾದ್ ಕಲ್ಲು ಪೇರಿಸುವುದು. ಗ್ರಾವಿಟಿ ಟೇಕಪ್‌ನಲ್ಲಿ ಆ ಭಾರ ಪುಲ್ಲಿಯ ಎರಡೂ ಬದಿಯ ಬೆಲ್ಟ್ ಎಳೆಗೆ ಹಂಚಿಹೋಗುತ್ತದೆ. 300 ಕೆಜಿ ಇಟ್ಟರೆ ಒಂದೊಂದು ಎಳೆಗೆ 150 ಕೆಜಿ, ಜಾಯಿಂಟ್ ಮೇಲೂ ಅಷ್ಟು ಹೆಚ್ಚು ಎಳೆತ. ಇದರಿಂದ ಜಾರುವುದು ಸ್ವಲ್ಪ ದಿನ ನಿಲ್ಲಬಹುದು. ಆದರೆ ಡ್ರೈವ್ ಪುಲ್ಲಿಯ ಲ್ಯಾಗಿಂಗ್ (ರಬ್ಬರ್ ಹೊದಿಕೆ) ಸವೆದಿದ್ದರೆ ಮತ್ತೆ ಜಾರುತ್ತದೆ, ಮತ್ತೆ ಕಲ್ಲು ಬರುತ್ತದೆ. ಲ್ಯಾಗಿಂಗ್ ಸರಿ ಮಾಡಿ, ಕಲ್ಲು ಇಳಿಸಿ.

ಬೆಲ್ಟ್ ಪಕ್ಕಕ್ಕೆ ಸರಿದರೆ

ಕಂಡುಹಿಡಿಯುವುದು ಸುಲಭ. ಒಂದು ಕಡೆ ನಿಂತು ಬೆಲ್ಟ್ ಮೂರು ಸುತ್ತು ಓಡುವವರೆಗೆ ನೋಡಿ. ಜಾಯಿಂಟ್ ಬಂದಾಗ ಮಾತ್ರ ಸರಿದು, ಹೋದ ಮೇಲೆ ಸರಿಹೋದರೆ ಜಾಯಿಂಟ್ ಓರೆ ಆಗಿದೆ. ಬೆಲ್ಟ್ ಪೂರ್ತಿ ಆ ಒಂದೇ ಜಾಗದಲ್ಲಿ ಸರಿದರೆ ಅಲ್ಲಿನ ಐಡ್ಲರ್ (ಬೆಲ್ಟ್ ಹೊರುವ ರೋಲರ್) ಅಥವಾ ಪುಲ್ಲಿ ಓರೆ. ಇದು ಗೊತ್ತಿಲ್ಲದೆ ಓರೆ ಜಾಯಿಂಟ್‌ಗೆ ಐಡ್ಲರ್ ತಿರುಗಿಸುತ್ತಾ ಹೋದರೆ ಕೊನೆಗೆ ಇಡೀ ಲೈನ್ ಕೆಡುತ್ತದೆ.

ಓರೆ ಆಗುವುದಕ್ಕೆ ಕಾರಣ ಬೆಲ್ಟ್ ಅಂಚನ್ನು ನಂಬುವುದು. ಹಳೆಯ ಬೆಲ್ಟ್ ಅಂಚು ಸ್ಟ್ರಕ್ಚರ್‌ಗೆ ಉಜ್ಜಿ ಸವೆದಿರುತ್ತದೆ. ಅಂಚಿಗೆ ಮೂಲೆಮಟ್ಟ ಇಟ್ಟರೆ ಮಟ್ಟವೇ ಸುಳ್ಳು. ಜಾಯಿಂಟ್‌ನ ಎರಡೂ ಕಡೆ ನಾಲ್ಕೈದು ಮೀಟರ್ ಉದ್ದಕ್ಕೆ, ಮೀಟರಿಗೆ ಒಂದರಂತೆ ಅಗಲ ಅಳೆದು ನಡುಬಿಂದು ಗುರುತು ಮಾಡಿ. ಆ ಬಿಂದುಗಳ ಮೇಲೆ ಬಣ್ಣದ ದಾರ ಹೊಡೆಯಿರಿ. ಎರಡೂ ತುದಿಯ ನಡುಗೆರೆ ಒಂದೇ ಸಾಲಿಗೆ ಬರಬೇಕು. ಬೇಕೆಂದೇ ಕೊಡುವ ಓರೆ ಕಟ್ ಬೇರೆ. ಅದಕ್ಕೆ ಬೆಲ್ಟ್ ಅಗಲದ 0.3 ಅಥವಾ 0.4 ಪಟ್ಟು ತೆಗೆದುಕೊಳ್ಳುತ್ತಾರೆ. ನಮ್ಮ 800 ಮಿಮೀ ಬೆಲ್ಟ್‌ಗೆ 320 ಮಿಮೀ, ಅಂದರೆ ಸುಮಾರು 22 ಡಿಗ್ರಿ. ಹೀಗೆ ಓರೆ ಕತ್ತರಿಸಿದರೆ ಜಾಯಿಂಟ್ ಪುಲ್ಲಿಗೂ, ಬೆಲ್ಟ್ ಕೆರೆದು ಸ್ವಚ್ಛ ಮಾಡುವ ಸ್ಕ್ರೇಪರ್‌ಗೂ ಒಮ್ಮೆಗೇ ಬಡಿಯದೆ ಸ್ವಲ್ಪ ಸ್ವಲ್ಪವಾಗಿ ಹಾಯುತ್ತದೆ.

ಮೇಲಿನ ಕವರ್ ಸೀಮ್ (ರಬ್ಬರ್ ಹೊದಿಕೆ ಕೂಡುವ ಗೆರೆ) ಬಿಚ್ಚುತ್ತಿದ್ದರೆ ಸ್ಕ್ರೇಪರ್ ನೋಡಿ. ಬೆಲ್ಟ್ ನಿಲ್ಲಿಸಿ, ಬೀಗ ಹಾಕಿ, ಓಡುವ ದಿಕ್ಕಿಗೆ ಎದುರಾಗಿ ಸೀಮ್ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಬ್ಲೇಡೂ ಸಿಕ್ಕಿಕೊಳ್ಳುತ್ತದೆ. ಸೀಮನ್ನು ಬಫ್ ಮಾಡಿ ಸಮ ಮಾಡಿ. ಜಾಯಿಂಟ್ ಉಲ್ಟಾ ಹಾಕಿದ್ದರೆ, ಅಂದರೆ ಅದರ ತುದಿ ಬ್ಲೇಡಿಗೆ ಎದುರಾಗಿದ್ದರೆ, ಎಷ್ಟು ಉಜ್ಜಿದರೂ ಮತ್ತೆ ಏಳುತ್ತದೆ.

ಯಾವ ಬೆಲ್ಟ್‌ಗೆ ಯಾವ ಜಾಯಿಂಟ್

ಸ್ಟೀಲ್ ಕಾರ್ಡ್ (ಬಟ್ಟೆ ಬದಲು ಉಕ್ಕಿನ ಹಗ್ಗ ಇರುವ) ಬೆಲ್ಟ್‌ಗೆ ಹಾಟ್ ಜಾಯಿಂಟ್ ಬಿಟ್ಟು ಬೇರೆ ಯೋಚನೆ ಬೇಡ. ಬಿಸಿ ಕ್ಲಿಂಕರ್ (ಗೂಡಿನಿಂದ ಬರುವ, ಪುಡಿಯಾಗದ ಸಿಮೆಂಟ್ ಗಟ್ಟಿ) ಹೋಗುವ ಬೆಲ್ಟ್‌ಗೂ ಹಾಟ್ ಜಾಯಿಂಟೇ, ಯಾಕೆಂದರೆ ಕೋಲ್ಡ್ ಸೊಲ್ಯೂಷನ್ ಬಿಸಿಗೆ ಮೆತ್ತಗಾಗುತ್ತದೆ. ಬೆಲ್ಟ್ ರಬ್ಬರ್ ಯಾವುದೋ ಅದಕ್ಕೆ ಹೊಂದುವ ರಬ್ಬರೇ ಒಳಗೆ ಹಾಕಬೇಕು. ಇಪಿಡಿಎಂ (ಬಿಸಿ ತಡೆಯುವ ಒಂದು ರಬ್ಬರ್) ಬೆಲ್ಟ್‌ಗೆ ಮಾಮೂಲಿ ರಬ್ಬರ್ ಹಾಕಿದರೆ ಪ್ರೆಸ್‌ನಿಂದ ತೆಗೆದಾಗ ಚೆಂದ ಕಾಣುತ್ತದೆ, ವಾರಕ್ಕೆ ಸಿಪ್ಪೆ ಸುಲಿದ ಹಾಗೆ ಬರುತ್ತದೆ. ಕಲ್ಲು, ಕಲ್ಲಿದ್ದಲು ಸಾಗಿಸುವ ಮಾಮೂಲಿ ಪ್ಲೈ ಬೆಲ್ಟ್‌ಗೆ ಕೋಲ್ಡ್ ಸಾಕು, ಮೇಲೆ ಹೇಳಿದ ಶಿಸ್ತು ಇದ್ದರೆ.

ಕ್ಲಿಪ್ ಅಥವಾ ಬೋಲ್ಟ್ ಜಾಯಿಂಟ್ ಅಂದರೆ ಕೀಳು ಅಂತ ತಿಳಿಯಬೇಡಿ. ಅರ್ಧ ರಾತ್ರಿ ಬೆಲ್ಟ್ ಹರಿದಾಗ ಬೆಳಗಿನವರೆಗೆ ಓಡಿಸುವುದು ಅದೇ. ಆದರೆ ಸಿಮೆಂಟ್‌ನಂಥ ನುಣುಪು ಪುಡಿ ಅದರ ಸಂದಿಯಲ್ಲಿ ಸೋರುತ್ತದೆ, ಸ್ಕ್ರೇಪರ್ ಬ್ಲೇಡ್ ತಿನ್ನುತ್ತದೆ. ಕತ್ತರಿಸಿದ ತುದಿ ನೇರ ಇರಲಿ. ಹಿಂದೆ ಬರುವ ತುದಿಯ ಮೂಲೆಗಳನ್ನು ಸ್ವಲ್ಪ ಕತ್ತರಿಸಿ, ಇಲ್ಲದಿದ್ದರೆ ಅದು ಸ್ಟ್ರಕ್ಚರ್‌ಗೆ ಸಿಕ್ಕಿ ಕ್ಲಿಪ್ ಕೀಳುತ್ತದೆ. ದಾಲ್ ಮಿಲ್‌ನ ತೊಗರಿ ಎಲಿವೇಟರ್ ಬೆಲ್ಟ್‌ಗೆ ಬೋಲ್ಟ್ ಜಾಯಿಂಟೇ ಸರಿ. ಹೊಸದಾಗಿ ಹಾಕಿದ ಬೋಲ್ಟನ್ನು ಕೆಲವು ಗಂಟೆ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಬೇಕು, ಯಾಕೆಂದರೆ ರಬ್ಬರ್ ಅಷ್ಟರಲ್ಲಿ ಕುಗ್ಗಿರುತ್ತದೆ. ಬೋಲ್ಟ್ ತೂತು ಉದ್ದುದ್ದ ಹಿಗ್ಗುತ್ತಿದ್ದರೆ ಪ್ಲೇಟ್ ಸೈಜ್ ಸಣ್ಣದು ಅಥವಾ ಪುಲ್ಲಿ ಸಣ್ಣದು.

ಹಾಟ್ ಜಾಯಿಂಟ್ ಅಂಚು ಕತ್ತರಿಸಿದಾಗ ಒಳಗೆ ಸ್ಪಂಜಿನಂತೆ ತೂತು ಕಂಡರೆ ಮೂರು ಅನುಮಾನ: ಪ್ರೆಷರ್ ಇಳಿದಿತ್ತು, ಬಟ್ಟೆಯಲ್ಲಿ ತೇವ ಇತ್ತು, ಅಥವಾ ಬಿಸಿ ಇರುವಾಗಲೇ ಪ್ರೆಸ್ ತೆರೆದಿದ್ದಾರೆ. 70 ಡಿಗ್ರಿಗಿಂತ ಕೆಳಗೆ ಬರುವವರೆಗೆ ಪ್ರೆಷರ್ ಬಿಡಬಾರದು. ಉಗುರು ಒತ್ತಿದ ಗುರುತು ಹಾಗೇ ಉಳಿದರೆ ರಬ್ಬರ್ ಬೆಂದಿಲ್ಲ. ಬೇಯಲು 145ರಿಂದ 150 ಡಿಗ್ರಿ ಬೇಕು, ಪ್ಲೇಟಿನ ನಾಲ್ಕೂ ಮೂಲೆಯಲ್ಲಿ ಬೇಕು. ಕ್ವಾರಿಯಲ್ಲಿ ಉದ್ದ ಕೇಬಲ್ ಎಳೆದಾಗ ವೋಲ್ಟೇಜ್ ಬಿದ್ದು ಪ್ಲೇಟ್ ಬಿಸಿಯೇ ಏರುವುದಿಲ್ಲ. ಪ್ಯಾನೆಲ್ ಮೀಟರ್ ನಂಬದೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿ. ಇನ್ನು ಒಳಗೆ ಹಾಕುವ ಹಸಿ ರಬ್ಬರ್. ತಗಡಿನ ಸ್ಟೋರ್‌ನಲ್ಲಿ ಒಂದು ಬೇಸಿಗೆ ಕಳೆದರೆ ಅದು ಅಲ್ಲೇ ಅರ್ಧ ಬೆಂದಿರುತ್ತದೆ. ಒಂದು ಚೂರನ್ನು ಟೊಲುಯೀನ್‌ನಲ್ಲಿ ನೆನೆಹಾಕಿ. ಕರಗಿ ಅಂಟಾದರೆ ಬಳಸಿ. ಕರಗದೆ ಬರೀ ಉಬ್ಬಿದರೆ ಎಸೆಯಿರಿ. ಅದನ್ನು ಇಡುವುದಕ್ಕೆ ಹಳೆಯ ಫ್ರಿಜ್ ಒಂದು ಸಾಕು.

ನಮ್ಮ ಮೂರನೇ ಜಾಯಿಂಟ್‌ಗೆ ಮೊದಲು ಸರಿಯಾದ ಬೆಂಡ್ ಪುಲ್ಲಿ ತರಿಸಿದೆವು. ಅದು ಬರುವವರೆಗೆ ಎರಡು ದಿನ ಕ್ಲಿಪ್ ಮೇಲೆ ಅರ್ಧ ಲೋಡ್‌ನಲ್ಲಿ ಓಡಿಸಿದೆವು. ಆಮೇಲೆ ಬೆಳಗಿನ ಜಾವ ನಾಲ್ಕಕ್ಕೆ ಶುರು ಮಾಡಿ ಹೊಸ ಕೋಲ್ಡ್ ಜಾಯಿಂಟ್. ಮುಗಿದ ಮೇಲೆ ಕಾಕಾ ಜಾಯಿಂಟ್‌ನ ಎರಡೂ ತುದಿಯಾಚೆ ಬಿಳಿ ಪೇಂಟ್‌ನಿಂದ ಒಂದೊಂದು ಗೆರೆ ಎಳೆದು, ನಡುವಿನ ಅಂತರ ಅಳೆದು ಬೆಲ್ಟ್ ಮೇಲೆಯೇ ತಾರೀಖಿನ ಜತೆ ಬರೆದರು. ವಾರಕ್ಕೊಮ್ಮೆ, ಬೆಲ್ಟ್ ಖಾಲಿ ನಿಂತಾಗ, ಅದೇ ಜಾಗದಲ್ಲಿ ನಿಲ್ಲಿಸಿ ಟೇಪ್ ಹಿಡಿಯುತ್ತೇವೆ. ಅಂತರ ಜಾಸ್ತಿಯಾಗುತ್ತಿದ್ದರೆ ಜಾಯಿಂಟ್ ಒಳಗೇ ಜಾರುತ್ತಿದೆ ಎಂದರ್ಥ, ಬಾಯಿ ಬಿಡುವ ಮೊದಲೇ ಶಟ್‌ಡೌನ್ ಕೇಳಿಕೊಳ್ಳಬಹುದು. ಇಲ್ಲಿಯವರೆಗೆ ಆ ಅಳತೆ ಒಂದು ಮಿಲಿಮೀಟರ್ ಕೂಡ ಸರಿದಿಲ್ಲ.